ಎರಡು ಕೆಜಿ ಬೀಫ್ ರೋಸ್ಟ್ ಮೆತ್ತಗಾಗಲು ಎಷ್ಟು ದಿನ ಮ್ಯಾರಿನೇಡ್‌ನಲ್ಲಿ ನೆನೆಸಬೇಕು?

2 ಕೆಜಿಯ ಒಂದೇ ತುಂಡು, ತೊಡೆ ಭಾಗ, ಶನಿವಾರ ರಾತ್ರಿ ಊಟ. ವಿನೆಗರ್ ಹಾಕಲಾ ನಿಂಬೆರಸ ಹಾಕಲಾ, ಜೊತೆಗೆ ಪಪ್ಪಾಯಿಕಾಯಿ ಅರೆದು ಹಚ್ಚಿ ಎರಡು ದಿನ ಇಟ್ಟರೆ ಬೆಣ್ಣೆ ಹಾಗೆ ಆಗುತ್ತದಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಆರು ವರ್ಷದ ಹಿಂದೆ ನಾನು ಮಾಡಿದ್ದು ಅಕ್ಷರಶಃ ಇದೇ. ಇದೇ 2 ಕೆಜಿ, ಇದೇ ತೊಡೆ, ಇದೇ ಪಪ್ಪಾಯಿ, ಇದೇ ಎರಡು ದಿನ.

ಅದಕ್ಕೂ ಮೊದಲು ನಾನು ಬೀಫ್ ಮಾಡುತ್ತಿದ್ದದ್ದು ಪಟ್ಟಿ ಪಟ್ಟಿಯಾಗಿ ಹೆಚ್ಚಿ. ಬೆರಳಷ್ಟು ಅಗಲ, ಅರ್ಧ ಸೆಂಟಿಮೀಟರ್ ದಪ್ಪ. ಒಂದು ಚಮಚ ಪಪ್ಪಾಯಿ ಪೇಸ್ಟ್, ನಿಂಬೆರಸ, ಬೆಳ್ಳುಳ್ಳಿ, ಕರಿಮೆಣಸು ಎಲ್ಲಾ ಕಲಸಿ ಅರ್ಧ ಗಂಟೆ ಬಿಟ್ಟು, ಚೆನ್ನಾಗಿ ಕಾದ ಬಾಣಲೆಗೆ ಹಾಕಿ ಮೂರು ನಿಮಿಷ ಆಡಿಸಿದರೆ ಮುಗಿಯಿತು. ಬಾಯಲ್ಲಿಟ್ಟರೆ ಕರಗುತ್ತಿತ್ತು. ಮನೆಯಲ್ಲಿ ಎಲ್ಲರೂ ಹೊಗಳುತ್ತಿದ್ದರು. ಆ ಹೊಗಳಿಕೆ ತಲೆಗೇರಿತ್ತು ಅಂತ ಈಗ ಗೊತ್ತಾಗುತ್ತದೆ.

ಅಣ್ಣನ ಮನೆಯಲ್ಲಿ ಒಂಬತ್ತು ಜನಕ್ಕೆ ಊಟ ಅಂತ ಆದಾಗ ರೋಸ್ಟ್ ನಾನು ಮಾಡುತ್ತೇನೆ ಅಂದುಬಿಟ್ಟೆ. ಅಲ್ಲಿವರೆಗೆ ಇಡೀ ತುಂಡನ್ನು ಒಮ್ಮೆಯೂ ಮಾಡಿರಲಿಲ್ಲ. ನನ್ನ ಲೆಕ್ಕ ಹೀಗಿತ್ತು. ಕಾಲು ಕೆಜಿಗೆ ಅರ್ಧ ಗಂಟೆ, ಹಾಗಾದರೆ 2 ಕೆಜಿಗೆ ನಾಲ್ಕು ಗಂಟೆ, ಅದೂ ಇಡೀ ತುಂಡು ಬೇರೆ, ಒಳಗೆ ಇಳಿಯಲು ಇನ್ನೂ ಜಾಸ್ತಿ ಹೊತ್ತು ಬೇಕು, ಸುಮ್ನೆ ಯಾಕೆ ರಿಸ್ಕು, ಎರಡು ದಿನ ಇಟ್ಟುಬಿಡೋಣ. ಪಪ್ಪಾಯಿಯನ್ನೂ ಅದೇ ಲೆಕ್ಕದಲ್ಲಿ ಎಂಟು ಚಮಚ. ಉಪ್ಪು ಮಾತ್ರ ಹಾಕಲಿಲ್ಲ. ಉಪ್ಪು ಹಾಕಿದರೆ ಮಾಂಸ ನೀರು ಬಿಟ್ಟು ಒಣಗುತ್ತದೆ ಅಂತ ಯಾರೋ ಹೇಳಿದ್ದರು.

ಎರಡು ದಿನ ಆದಮೇಲೆ ಚೀಲದಿಂದ ತೆಗೆದರೆ ಬೆರಳು ಒಳಗೆ ಹೂತುಕೊಂಡಿತು. ಬಣ್ಣ ಬೂದಿ. ನಾನು ದಡ್ಡ, ಖುಷಿಪಟ್ಟೆ. ಆಹಾ, ಎಷ್ಟು ಮೆತ್ತಗಾಗಿದೆ ಅಂತ. ಅತ್ತಿಗೆ ಮಾತ್ರ ಮುಟ್ಟಿ ನೋಡಿ, "ಏನಪ್ಪಾ ಇದು, ನೆನೆದ ಸೋಪಿನ ಹಾಗೆ ಜಾರ್ತಿದೆ" ಅಂದರು. ಓವನ್‌ಗೆ ಹೋದಮೇಲೆ ನೋಡಿ ಅಂದೆ. ಓವನ್‌ಗೆ ಹೋಯಿತು. ಕೆಂಪಗಾಗಲೇ ಇಲ್ಲ. ಮೇಲೆಲ್ಲಾ ಒದ್ದೆ, ಟ್ರೇ ತುಂಬ ಬೂದಿ ಬಣ್ಣದ ನೀರು. ಕುಯ್ಯಲು ಚಾಕು ಇಟ್ಟರೆ ಹೊರಗಿನ ಪದರ ಗಂಜಿ ಹಾಗೆ ಚಾಕುವಿಗೇ ಅಂಟಿಕೊಂಡು ಬಂತು. ಅದರ ಒಳಗೆ? ಚಪ್ಪಲಿ ಹಾಗೆ ಗಟ್ಟಿ, ಉಪ್ಪಿಲ್ಲ ಹುಳಿಯಿಲ್ಲ, ಮಸಾಲೆಯ ಸುಳಿವೂ ಇಲ್ಲ. ಅಣ್ಣನ ಗೆಳೆಯರೊಬ್ಬರು ತುಂಬ ಒಳ್ಳೆಯವರು, ತಟ್ಟೆ ನೋಡಿ "ಈ ಸಾಸು ಯಾವುದರಲ್ಲಿ ಮಾಡಿದ್ದು?" ಅಂತ ಕೇಳಿದರು. ಅದು ಸಾಸಲ್ಲ ಸಾರ್, ಅದೇ ಮಾಂಸ. ಹಾಗನ್ನಲಿಲ್ಲ ಬಿಡಿ, ಬೆಳ್ಳುಳ್ಳಿ ಸಾಸು ಅಂದೆ.

ಈಗ ನನ್ನ ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಎಳೆದೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ತಪ್ಪು ಪಪ್ಪಾಯಿಯದ್ದಲ್ಲ. ನಾನು ಹೊತ್ತನ್ನು ತೂಕದಿಂದ ಗುಣಿಸಿದೆ, ಅದೇ ತಪ್ಪು. ಮ್ಯಾರಿನೇಡ್‌ಗೆ ತೂಕ ಗೊತ್ತಿಲ್ಲ. ಅದು ಮುಟ್ಟುವುದು ಮೇಲ್ಮೈ ಮಾತ್ರ. ಬೆಳ್ಳುಳ್ಳಿ, ಮೆಣಸು, ಗಿಡಮೂಲಿಕೆ, ಪಪ್ಪಾಯಿ, ಯಾವುದೂ ಕೆಲವು ಮಿಲಿಮೀಟರ್ ದಾಟಿ ಒಳಗೆ ಹೋಗುವುದಿಲ್ಲ. ನನ್ನ ಪಟ್ಟಿಗಳು ಅರ್ಧ ಸೆಂಟಿಮೀಟರ್ ದಪ್ಪ ಅಂದೆನಲ್ಲ, ಎರಡೂ ಬದಿಯಿಂದ ಎರಡು ಎರಡೂವರೆ ಮಿಲಿಮೀಟರ್ ಇಳಿದರೆ ಮಧ್ಯದಲ್ಲಿ ಸಂಧಿಸಿಬಿಡುತ್ತದೆ. ಅದಕ್ಕೇ ಪೂರ್ತಿ ಮೆತ್ತಗಾಗುತ್ತಿತ್ತು. ನನ್ನ ಕೈಗುಣ ಅಂದುಕೊಂಡಿದ್ದೆ, ಅದು ಚಾಕುವಿನ ಗುಣ. ಅದೇ ಎರಡೂವರೆ ಮಿಲಿಮೀಟರ್ 12 ಸೆಂಟಿಮೀಟರ್ ದಪ್ಪದ ತುಂಡಿಗೆ ಏನು ಮಾಡೀತು? ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ.

ಹೊತ್ತು ಜಾಸ್ತಿ ಕೊಟ್ಟರೆ ಇನ್ನಷ್ಟು ಇಳಿಯುವುದಿಲ್ವಾ ಅಂತ ಕೇಳುತ್ತೀರಿ. ಇಳಿಯುತ್ತದೆ, ಆದರೆ ಲೆಕ್ಕ ನಮಗೆ ವಿರುದ್ಧ. ಹೀಗೆ ತಾನಾಗಿ ಹರಡಿಕೊಂಡು ಒಳಗೆ ಹೋಗುವ ಯಾವುದಕ್ಕೇ ಆಗಲಿ, ಎರಡು ಪಟ್ಟು ಆಳಕ್ಕೆ ನಾಲ್ಕು ಪಟ್ಟು ಹೊತ್ತು ಬೇಕು, ಮೂರು ಪಟ್ಟಿಗೆ ಒಂಬತ್ತು ಪಟ್ಟು. ಅಷ್ಟು ಹೊತ್ತೂ ಹೊರಗಿನ ಪದರ ಹುಳಿಯಲ್ಲೇ ಮುಳುಗಿ ಕೂತಿರುತ್ತದಲ್ಲ, ಅದರ ಗತಿ ಏನು? ಅರ್ಧ ಗಂಟೆಗೆ ಸಾಕಾಗಿದ್ದ ಅದಕ್ಕೆ ನಾನು ಕೊಟ್ಟಿದ್ದು 48 ಗಂಟೆ. ಪಪ್ಪಾಯಿಕಾಯಿಯಲ್ಲಿ ಪಪೈನ್ ಅನ್ನುವ ಎನ್‌ಜೈಮ್ ಇದೆ, ಅದರ ಕೆಲಸವೇ ಪ್ರೋಟೀನನ್ನು ಕತ್ತರಿಸುವುದು. ಅನಾನಸ್, ಕಿವಿ, ಹಸಿ ಶುಂಠಿಯಲ್ಲೂ ಇಂಥದ್ದೇ ಇದೆ. ಇವಕ್ಕೆ ಸಾಕು ಅನ್ನುವುದು ಗೊತ್ತಿಲ್ಲ. ಫ್ರಿಜ್‌ನಲ್ಲಿ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಓವನ್‌ನಲ್ಲಿ ಮಾಂಸ ಬಿಸಿಯಾಗುತ್ತಾ ಹೋದಾಗ ಇನ್ನೂ ಜೋರಾಗುತ್ತದೆ, ಶಾಖ ಜಾಸ್ತಿಯಾದಮೇಲೇ ಸಾಯುವುದು. ದೊಡ್ಡ ತುಂಡು ನಿಧಾನವಾಗಿ ಬಿಸಿಯಾಗುವುದರಿಂದ ಅದಕ್ಕೆ ಅಲ್ಲೂ ಬೇಕಾದಷ್ಟು ಸಮಯ ಸಿಗುತ್ತದೆ. ಅಂದರೆ ನಾನು ಮೂರು ಕಡೆಯಿಂದ ಕೆಡಿಸಿದ್ದೆ. ಜಾಸ್ತಿ ಪಪ್ಪಾಯಿ, ಜಾಸ್ತಿ ಹೊತ್ತು, ನಿಧಾನದ ಶಾಖ. ಮೂರಕ್ಕೂ ಮೂಲ ಆ ಒಂದು ಗುಣಾಕಾರ.

ಚುಚ್ಚಿ ಚುಚ್ಚಿ ತೂತು ಮಾಡಿದರೆ ಒಳಗೆ ಹೋಗುತ್ತದಲ್ಲ ಅಂತ ಮುಂದಿನ ಸಲ ಅದನ್ನೂ ಮಾಡಿದೆ. ಬೇಡ. ಇಡೀ ತುಂಡಿನಲ್ಲಿ ರೋಗಾಣುಗಳು ಇರುವುದು ಹೆಚ್ಚಾಗಿ ಮೇಲ್ಗಡೆ, ಚುಚ್ಚಿದರೆ ನೀವೇ ಒಳಗೆ ಕಳಿಸಿಕೊಟ್ಟ ಹಾಗೆ.

ಹಾಗಾಗಿ ವಿನೆಗರ್ರಾ ನಿಂಬೆಯಾ ಅನ್ನುವುದಕ್ಕೆ ನನ್ನ ಉತ್ತರ: ಯಾವುದಾದರೂ ಹಾಕಿ, ಎರಡು ಚಮಚ ದಾಟಬೇಡಿ. ರುಚಿಗೆ ಅಷ್ಟೇ. ಹುಳಿ ಮಾಂಸವನ್ನು ಮೆತ್ತಗೆ ಮಾಡುತ್ತದೆ ಅನ್ನುವುದನ್ನು ದೊಡ್ಡ ರೋಸ್ಟ್ ವಿಷಯದಲ್ಲಿ ಮರೆತುಬಿಡಿ. ಮೆತ್ತಗೆ ಮಾಡುವುದು ಮೂರೇ: ನೀವು ಆರಿಸಿಕೊಂಡ ಭಾಗ, ಒಳಗಿನ ಶಾಖ, ಆಮೇಲೆ ಕುಯ್ಯುವ ರೀತಿ. ಭುಜದ ಭಾಗ, ಎದೆ ಭಾಗ ಆದರೆ ಅದರಲ್ಲಿ ಕೊಲಾಜೆನ್, ಅಂದರೆ ಮಾಂಸದ ಎಳೆಗಳನ್ನು ಹಿಡಿದಿಡುವ ಗಟ್ಟಿ ನಾರು, ಜಾಸ್ತಿ, ಮುಚ್ಚಳ ಮುಚ್ಚಿ ಸ್ವಲ್ಪ ನೀರು ಹಾಕಿ 150 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ ಬಿಟ್ಟರೆ ಕರಗಿ ಜೆಲಟಿನ್ ಆಗುತ್ತದೆ, ಒಳಗೆ 90 ಡಿಗ್ರಿ ದಾಟಿದಮೇಲೆ ಫೋರ್ಕ್ ತಾನಾಗಿ ಇಳಿಯುತ್ತದೆ. ನಿಮ್ಮದು ತೊಡೆ. ಕೊಬ್ಬು ಕಡಿಮೆ, ಹೊತ್ತು ಕೊಟ್ಟಷ್ಟೂ ಒಣಗುತ್ತದೆ. ಅದಕ್ಕೆ ಕಡಿಮೆ ಶಾಖ, ಸರಿಯಾದ ಸಮಯಕ್ಕೆ ಇಳಿಸುವುದು, ಎಳೆಗೆ ಅಡ್ಡವಾಗಿ ತೆಳ್ಳಗೆ ಕುಯ್ಯುವುದು.

ಮತ್ತೆ ಮ್ಯಾರಿನೇಡ್ ಯಾಕೆ? ಉಪ್ಪಿಗಾಗಿ. ಆ ದಿನ ನಾನು ಬಿಟ್ಟಿದ್ದ ಅದೇ ಉಪ್ಪು. ಮಸಾಲೆ ಮಿಲಿಮೀಟರ್ ಲೆಕ್ಕದಲ್ಲಿ ಇಳಿದರೆ ಉಪ್ಪು ಸೆಂಟಿಮೀಟರ್ ಲೆಕ್ಕದಲ್ಲಿ ಇಳಿಯುತ್ತದೆ. ಮೊದಲ ಅರ್ಧ ಗಂಟೆ ನೀರು ಬಿಡುವುದು ನಿಜ, ನೋಡಿದರೆ ಭಯ ಆಗುತ್ತದೆ. ಆಮೇಲೆ ಆ ನೀರಲ್ಲಿ ಉಪ್ಪು ಕರಗಿ ಮಾಂಸ ಅದನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ, ಬೇಯುವಾಗ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಬರುತ್ತದೆ. ಮ್ಯಾರಿನೇಡ್ ಅನ್ನುವ ಪದದ ಮೂಲವೇ ಸಮುದ್ರಕ್ಕೆ ಸಂಬಂಧಿಸಿದ್ದು, ಮೊದಲಿಗೆ ಅದು ಉಪ್ಪುನೀರಲ್ಲಿ ನೆನೆಸುವುದು. ಹೆಸರಲ್ಲೇ ಉಪ್ಪಿರುವಾಗ ಉಪ್ಪು ಬಿಟ್ಟು ಮಾಡಿದೆನಲ್ಲ ಅಂತ ಆಮೇಲೆ ಹೊಟ್ಟೆ ಉರಿಯಿತು.

ಈಗ ನಾನು ಮಾಡುವುದು ಹೇಳುತ್ತೇನೆ. 2 ಕೆಜಿಗೆ 24 ಗ್ರಾಂ ಪುಡಿ ಉಪ್ಪು, ಅಂದರೆ ನೂರಕ್ಕೆ 1.2ರಷ್ಟು. ಸಣ್ಣ ಚಮಚದಲ್ಲಿ ಸಮಮಟ್ಟಕ್ಕೆ ನಾಲ್ಕು ಆಗುತ್ತದೆ, ಆದರೆ ತೂಕ ಮಾಡಿದರೆ ಒಳ್ಳೆಯದು. ಹಿಂದಿನ ರಾತ್ರಿ ಇಡೀ ತುಂಡಿಗೆ ಉಜ್ಜಿ, ಮುಚ್ಚದೆ, ಫ್ರಿಜ್‌ನ ಕೆಳಗಿನ ಶೆಲ್ಫ್‌ನಲ್ಲಿಡುತ್ತೇನೆ. ಸೋಯಾ ಸಾಸ್ ಹಾಕುವ ಆಸೆ ಇದ್ದರೆ ಒಂದು ದೊಡ್ಡ ಚಮಚದಲ್ಲಿ ಸುಮಾರು ಎರಡೂವರೆ ಗ್ರಾಂ ಉಪ್ಪಿರುತ್ತದೆ, ಅಷ್ಟು ಕಳೆಯಿರಿ. ಬೆಳಿಗ್ಗೆ ಮೂರು ಚಮಚ ಎಣ್ಣೆ, ಒಂದು ಚಮಚ ಸಾಸಿವೆ ಪೇಸ್ಟ್, ಜಜ್ಜಿದ ಬೆಳ್ಳುಳ್ಳಿ ಏಳೆಂಟು ಎಸಳು, ತರಿತರಿಯಾಗಿ ಕುಟ್ಟಿದ ಕರಿಮೆಣಸು, ಒಣಗಿದ ಥೈಮ್ ಅಥವಾ ರೋಸ್‌ಮೇರಿ, ಮೇಲೆ ಹೇಳಿದ ಎರಡು ಚಮಚ ಹುಳಿ, ಇಷ್ಟನ್ನು ಕಲಸಿ ಹಚ್ಚಿ ನಾಲ್ಕೈದು ಗಂಟೆ ಮತ್ತೆ ಫ್ರಿಜ್‌ಗೆ. ಗಾಜಿನದ್ದೋ ಸ್ಟೀಲಿನದ್ದೋ ಪಾತ್ರೆ ಇರಲಿ, ಹುಳಿಗೆ ಅಲ್ಯೂಮಿನಿಯಂ ಬೇಡ. ಸಕ್ಕರೆ, ಜೇನು ನಾನು ಹಾಕುವುದಿಲ್ಲ, ಬೇಗ ಸೀಯುತ್ತದೆ.

ಬೇಯಿಸುವ ಮುಂಚೆ ಒಂದು ಕೆಲಸ ಇದೆ, ಇದನ್ನು ಯಾರೂ ಮಾಡುವುದಿಲ್ಲ. ಹಚ್ಚಿದ್ದನ್ನೆಲ್ಲಾ ಚಾಕುವಿನ ಹಿಂಬದಿಯಿಂದ ಹೆರೆದು ಒಂದು ಬಟ್ಟಲಿಗೆ ತೆಗೆಯಿರಿ. ಮಾಂಸವನ್ನು ಒಣಗುವಷ್ಟು ಒರೆಸಿ. ಒದ್ದೆ ಇದ್ದರೆ ಶಾಖವೆಲ್ಲಾ ನೀರು ಆವಿ ಮಾಡುವುದಕ್ಕೇ ಹೋಗುತ್ತದೆ, ನೀರು 100 ಡಿಗ್ರಿ ದಾಟಲು ಬಿಡುವುದಿಲ್ಲ, ಕೆಂಪಗಾಗಲು ಅದಕ್ಕಿಂತ ಬಹಳ ಜಾಸ್ತಿ ಬೇಕು. ಕಾದ ದಪ್ಪ ತಳದ ಬಾಣಲೆಯಲ್ಲಿ ಎಲ್ಲಾ ಬದಿ ಕೆಂಪಗೆ ಮಾಡಿ. ಆಮೇಲೆ ಹೆರೆದಿಟ್ಟದ್ದನ್ನು ವಾಪಸ್ ಸವರಿ. ಮೊದಲೇ ಇದ್ದಿದ್ದರೆ ಬೆಳ್ಳುಳ್ಳಿ ಸೀದು ಕಹಿಯಾಗುತ್ತಿತ್ತು. ಈಗ 120 ಡಿಗ್ರಿ ಓವನ್‌ಗೆ. ಎಷ್ಟು ಹೊತ್ತು ಅಂತ ಕೇಳಬೇಡಿ, ಥರ್ಮಾಮೀಟರ್ ಚುಚ್ಚಿ ನೋಡಿ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿಗೆ ಹೇಳುವುದು 63 ಡಿಗ್ರಿ, ಜೊತೆಗೆ 3 ನಿಮಿಷ ಹಾಗೇ ಬಿಡಬೇಕು. ನಾನೂ ಅಲ್ಲಿಗೇ ಇಳಿಸಿ, ಇಪ್ಪತ್ತು ನಿಮಿಷ ಮುಟ್ಟುವುದಿಲ್ಲ. 70 ದಾಟಿಸಿದಿರೋ, ತೊಡೆ ಮತ್ತೆ ಚಪ್ಪಲಿ.

ಪಾತ್ರೆ ತಳದಲ್ಲಿ ಉಳಿದ ಹಸಿ ಮಸಾಲೆಯನ್ನು ಗ್ರೇವಿಗೆ ಹಾಕುವುದಾದರೆ ಕುದಿಸದೆ ಹಾಕಬೇಡಿ. ನೆನೆಯುವುದು ಯಾವಾಗಲೂ ಫ್ರಿಜ್‌ನಲ್ಲೇ, ಹೊರಗೆ ಎರಡು ಗಂಟೆ ದಾಟಬಾರದು.

ನೀವು ಬರೆದಿರುವುದು ಗುರುವಾರ. ಇವತ್ತು ಏನೂ ಮಾಡಬೇಡಿ, ಫ್ರಿಜ್‌ನಲ್ಲಿ ಸುಮ್ನೆ ಇರಲಿ. ಶುಕ್ರವಾರ ರಾತ್ರಿ ಉಪ್ಪು, ಶನಿವಾರ ಬೆಳಿಗ್ಗೆ ಮಸಾಲೆ. ಪಪ್ಪಾಯಿ ಈಗಾಗಲೇ ಅರೆದಾಗಿದೆ ಅಂತೀರಾ? ಐಸ್ ಟ್ರೇಯಲ್ಲಿ ಹಾಕಿ ಫ್ರೀಜರ್‌ಗೆ ಇಡಿ, ಮುಂದೆ ಪಟ್ಟಿ ಹೆಚ್ಚಿ ಮಾಡುವಾಗ ಒಂದೊಂದು ತುಂಡು ಬಳಸಿ. ಹಚ್ಚಿಬಿಟ್ಟಿದ್ದರೆ ಮಾತ್ರ ಇಲ್ಲಿಗೇ ಓದುವುದು ನಿಲ್ಲಿಸಿ, ಎದ್ದು ಹೋಗಿ ಪೂರ್ತಿ ಒರೆಸಿ ತೆಗೆಯಿರಿ. ಈಗಾಗಲೇ ಬೆರಳು ಹೂತುಕೊಳ್ಳುವ ಹಾಗೆ ಆಗಿದ್ದರೆ ರೋಸ್ಟ್ ಆಸೆ ಬಿಡಿ. ಮೆತ್ತಗಾದ ಹೊರಪದರ ಚಾಕುವಿನಿಂದ ಹೆರೆದು ಬಿಸಾಡಿ, ಉಳಿದದ್ದನ್ನು ತುಂಡು ಮಾಡಿ ಈರುಳ್ಳಿ ಟೊಮೆಟೊ ಹಾಕಿ ಮುಚ್ಚಿ ಬೇಯಿಸಿ. ಬಂದವರಿಗೆ ಮೊದಲಿನಿಂದಲೂ ಅದೇ ಮಾಡೋಣ ಅಂತಿದ್ದೆ ಅಂತ ಹೇಳಿ.