ಇನ್‌ಲೈನ್ ಬಂದೂಕ ತೊಳಿಯೋದು: ಆಳಂದದ ತಮ್ಮಗ ಉತ್ತರ

ತಮ್ಮಾ, ಅಮೇರಿಕಾದ ಓಹಾಯೋದಾಗ .50 ಕ್ಯಾಲಿಬರ್ ಇನ್‌ಲೈನ್ ಮಝಲ್‌ಲೋಡರ್ (ನಳಗಿ ಬಾಯಿಂದ ಮದ್ದು, ಗುಂಡು ತುಂಬಿ, ನೇರ ಹಿಂದಿಂದ ಕಿಡಿ ಕೊಡೋ ಬಂದೂಕ) ತಗೋತೀನಿ ಅಂದಿ, ‘ಊರಾಗ ಕಾಕಾನ ಬಂದೂಕಕ್ಕ ವರ್ಷಕ್ಕೊಮ್ಮೆ ಎಣ್ಣಿ ಹಚ್ಚಿದ್ರ ಸಾಕಿತ್ತು, ಇಲ್ಲಿ ಹ್ಯಾಂಗ’ ಅಂತ ಕೇಳಿದಿ. ಇಲ್ಲಿ ಹೊಡೆದ ದಿನ ಸಂಜೀಕೇ ತೊಳಿಬೇಕು. ಯಾವುದರಿಂದ ಅನ್ನೋದು ನೀ ಸುಟ್ಟ ಮದ್ದಿನ ಮ್ಯಾಲ ಅದ.

ತಗೊಳೋಕ್ಕಿಂತ ಮೊದಲು ಒಂದು ಮಾತು. ಎಚ್-1ಬಿ ಅಂಥ ಕೆಲಸದ ವೀಸಾ ಇದ್ದವರಿಗಿ ಫೆಡರಲ್ ಬಂದೂಕ ಕಾನೂನು ಬಿಗಿ ಅದ. ಬೇಟೆ ಲೈಸೆನ್ಸ್ ಇದ್ದರ ವಿನಾಯ್ತಿ ಸಿಗ್ತದ, ಆದ್ರೂ ರಾಜ್ಯದ ನಿಯಮ ವಕೀಲರ ಹತ್ರ ಕೇಳೇ ಮುಂದುವರಿ.

ಪೈರೊಡೆಕ್ಸ್ ಅನ್ನೋ ಮದ್ದಿನಾಗ ಪೊಟ್ಯಾಸಿಯಂ ಪರ್‌ಕ್ಲೋರೇಟ್ ಇರ್ತದ. ಸುಟ್ಟ ಮ್ಯಾಲ ಕ್ಲೋರೈಡ್ ಉಪ್ಪು ನಳಗಿ ಒಳಗ ಕೂಡ್ತದ. ಮಳಿಗಾಲದಾಗ ಉಪ್ಪಿನ ಡಬ್ಬಿ ಒದ್ದಿ ಆದಂಗ ಅದು ಗಾಳಿಯಾಗಿನ ತೇವ ಎಳ್ಕೊಂಡು ಉಕ್ಕು ತಿಂತದ. ಸ್ಟೇನ್‌ಲೆಸ್ ನಳಗಿಗೂ ಸಣ್ಣ ಗುಂಡಿ ಬೀಳ್ತಾವ. ಈ ಮದ್ದಿಗೂ ಟ್ರಿಪಲ್ ಸೆವೆನ್ ಅನ್ನೋ ಮದ್ದಿಗೂ ಬಿಸಿನೀರು, ಪಾತ್ರೆ ತೊಳಿಯೋ ಸೋಪು ಸಾಕು. ಬ್ಲ್ಯಾಕ್‌ಹಾರ್ನ್ 209 ಬ್ಯಾರೇ ಜಾತಿ, ನೈಟ್ರೋಸೆಲ್ಯುಲೋಸ್ ಮದ್ದು. ಅದರ ಕರಿ ನೀರಿಗಿ ಬಿಡಂಗಿಲ್ಲ, ಸಾದಾ ರೈಫಲ್‌ಗೆ ಹಾಕೋ ಸಾಲ್ವೆಂಟ್ (ಕರಿ ಕರಗಿಸೋ ದ್ರವ) ಬೇಕು. ಸೇಬಟ್‌ನ (ಗುಂಡಿನ ಸುತ್ತ ಇರೋ ಪ್ಲಾಸ್ಟಿಕ್ ಕಪ್ಪು) ಪ್ಲಾಸ್ಟಿಕ್ ಗೀರು ಉಳಿದಿದ್ರ ಅದಕ್ಕೂ ಸಾಲ್ವೆಂಟ್, ಕಂಚಿನ ಬ್ರಶ್.

ಕೈ ಹಚ್ಚೋ ಮೊದಲು ಪ್ರೈಮರ್ (ಮದ್ದಿಗಿ ಕಿಡಿ ಕೊಡೋ ಸಣ್ಣ ಟೋಪಿ) ತಗಿ. ಖಾಲಿ ನಳಗಿಯಾಗ ರಾಮ್‌ರಾಡ್ (ಗುಂಡು ತಳ್ಳೋ ಕೋಲು) ಇಳಿಸಿ ಬಾಯಿಗಿ ಸಮ ಒಂದು ಗೀರು ಹಾಕಿಟ್ಟಿರು. ಮುಂದ ಯಾವಾಗ ಇಳಿಸಿದ್ರೂ ಗೀರು ಬಾಯಿಗಿಂತ ಮ್ಯಾಲ ನಿಂತರ ಒಳಗ ಗುಂಡು, ಮದ್ದು ಅದ ಅಂತ ತಿಳಿ.

ಆಮ್ಯಾಲ ಬ್ರೀಚ್ ಪ್ಲಗ್ (ನಳಗಿ ಹಿಂದಿನ ತುದಿಗಿ ತಿರುವಿ ಕೂಡ್ಸೋ ಬಿರಡಿ) ಬಿಚ್ಚು. ನಳಗಿಗಿ ಸೋಪುನೀರಿನ 4–5 ಒದ್ದಿ ಅರಿವಿ ತುಂಡು (ಬ್ಲ್ಯಾಕ್‌ಹಾರ್ನ್ ಆದ್ರ ನೀರಿನ ಬದಲಿ ಸಾಲ್ವೆಂಟ್), ಬ್ರಶ್, ಮತ್ತ ಬರೀ ಬಿಸಿನೀರಿನ ಅರಿವಿ, ಕೊನಿಗಿ ಬೆಳ್ಳಗ ಬರೋತನ ಒಣ ಅರಿವಿ, ಮ್ಯಾಲ ತೆಳ್ಳಗ ಎಣ್ಣಿ. ನೀರು ಟ್ರಿಗರ್ ಕಡಿ ಹರಿಬಾರ್ದು. ಎರಡು ದಿನ ಬಿಟ್ಟು ಒಂದು ಬಿಳಿ ಅರಿವಿ ಎಳಿ. ಕಂದು ಬಂದ್ರ ಜಂಗು ಶುರು ಆಗ್ಯದ, ಮೊದಲಿಂದ ತೊಳಿ.

ಕೆಡೋದು ಹೆಚ್ಚು ಬ್ರೀಚ್ ಪ್ಲಗ್ಗೇ. ಬ್ಲ್ಯಾಕ್‌ಹಾರ್ನ್‌ನ ಕರಿ ಪ್ರೈಮರ್ ಕಡಿನ ಅಗಲ ದಾರಿಯಾಗ ಗಟ್ಟಿ ಆಗ್ತದ. 1/8 ಇಂಚಿನ ಡ್ರಿಲ್ ಬಿಟ್ ಬೆರಳಿನಾಗ ಹಿಡಿದು ತಿರುವು, ಮಶೀನ್‌ಗಿ ಹಾಕಬ್ಯಾಡ. ತುದಿಯಾಗಿನ ಸಣ್ಣ ಕಿಂಡಿ ಮಾತ್ರ ಅಗಲ ಮಾಡಬ್ಯಾಡ, ಗ್ಯಾಸ್ ಹಿಂದಕ್ಕ ನುಗ್ತದ. ಕಿಂಡಿ ಸವದಿದ್ರ ಪ್ಲಗ್ಗೇ ಬದಲಿಸು. ಪ್ಲಗ್‌ನ ತಿರುಪಿನ ಗೆರಿಗಳಿಗಿ (ಥ್ರೆಡ್) ಹಳೆ ಹಲ್ಲಿನ ಬ್ರಶ್ ತಿಕ್ಕಿ ಆ್ಯಂಟಿ-ಸೀಝ್ (ತಿರುಪು ಕಚ್ಚಿ ಹಿಡಿಲಾರ್ದಂಗ ಮಾಡೋ ಗ್ರೀಸ್) ಹಚ್ಚು. ಹಚ್ಚಲಾರ್ದೆ ಬಿಟ್ಟರ ಮುಂದಿನ ಸಲ ಪಾನಾ ಜಾರ್ತದ, ಪ್ಲಗ್ ಬರಂಗಿಲ್ಲ.

ಜನವರಿ ಚಳಿಯಿಂದ ಬಿಸಿ ಮನಿಗಿ ತಂದ್ರ ಲೋಹದ ಮ್ಯಾಲ ನೀರು ಕೂಡ್ತದ. ನಮ್ಮ ಕಡಿ ಬಿಸಿಲಿನಾಗ ಈ ತ್ರಾಸ ಇರಂಗಿಲ್ಲ. ಬೆಚ್ಚಗಾದ ಕೂಡ್ಲೆ ಪೂರಾ ಒರಸಿ ಎಣ್ಣಿ ಹಚ್ಚು.

ಬೇಟೆಗಿ ಹೋಗೋ ಮುಂಜಾನಿ ಈ ಎಣ್ಣಿ ಒಣ ಅರಿವಿಯಿಂದ ತಗಿ. ಕಿಂಡಿಯಾಗ ಎಣ್ಣಿ ಉಳಿದ್ರ ಪ್ರೈಮರ್ ಸಿಡಿದ್ರೂ ಮದ್ದು ಹತ್ತಂಗಿಲ್ಲ, ಇಲ್ಲಾ ತಡದು ಹತ್ತತದ. ಸದ್ದು ಬರ್ಲಿಲ್ಲಂದ್ರ ಬಾಯಿ ಸುರಕ್ಷಿತ ದಿಕ್ಕಿಗೇ ಹಿಡಿದು ಒಂದೆರಡು ನಿಮಿಷ ಹಂಗೇ ನಿಲ್ಲು. ಸಾದಾ ರೈಫಲ್ ಕಾಡತೂಸಿನ ಸ್ಮೋಕ್‌ಲೆಸ್ ಮದ್ದು ಇದಕ್ಕ ಎಂದೂ ಹಾಕಬ್ಯಾಡ, ನಳಗಿ ಒಡಿತದ.