ಒಂದೇ ದ್ರಾಕ್ಷಿ, ಒಂದು ಸಿಹಿ ಇನ್ನೊಂದು ಹುಳಿ ಏಕೆ?

ಪ್ರಶ್ನೆ: ಹಿಂದೆ ಕುಡಿದಿದ್ದ ಇಟಲಿಯ ಕೆಂಪು ವೈನ್ ಪ್ರಿಮಿತೀವೊ ದಿ ಮಂದೂರಿಯಾ ಮಂದವಾಗಿ, ಸಿಹಿಸಿಹಿಯಾಗಿತ್ತು. ಈಗ ತಂದ ಜೋಯಾ ದೆಲ್ ಕೊಲ್ಲೆ ಊರಿನ ಪ್ರಿಮಿತೀವೊ ಹುಳಿ ಹೊಡೆಯುತ್ತಿದೆ. ಬಾಟಲಿ ಕೆಟ್ಟಿದೆಯೇ?

ಉತ್ತರ: ಬಹುಶಃ ಇಲ್ಲ. ಬಾಯಲ್ಲಿ ನೀರೂರಿಸುವ ಹುಳಿ ಹಣ್ಣಿನದೇ. ವಿನೆಗರ್ ಇಲ್ಲವೇ ನೇಲ್ ಪಾಲಿಶ್ ವಾಸನೆ ಮೂಗಿಗೆ ಬಡಿದರೆ, ಅಥವಾ ಒದ್ದೆ ರಟ್ಟಿನ ವಾಸನೆ ಬಂದರೆ ಮಾತ್ರ ಕೆಟ್ಟಿದೆ ಎನ್ನಿ. ರಟ್ಟಿನ ವಾಸನೆಗೆ ಸಾಮಾನ್ಯವಾಗಿ ಕಾರ್ಕ್ ಕಾರಣ.

ಎರಡೂ ಪ್ರಿಮಿತೀವೊ ಎಂಬ ಒಂದೇ ದ್ರಾಕ್ಷಿಯವು, ದಕ್ಷಿಣ ಇಟಲಿಯ ಪುಲ್ಯಾ ಪ್ರಾಂತ್ಯದವೇ. ಮಂದೂರಿಯಾ ಕಡಲಿಗೆ ಹತ್ತಿರ, ಎತ್ತರ ಸುಮಾರು 80 ಮೀಟರ್. ಜೋಯಾ ದೆಲ್ ಕೊಲ್ಲೆ ಇರುವುದು ಮುರ್ಜಾ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯ ಮೇಲೆ, ಸುಮಾರು 360 ಮೀಟರ್‌ನಲ್ಲಿ. ಬರೀ ಎತ್ತರದಿಂದ ಸಿಗುವ ತಂಪು ಎರಡು ಡಿಗ್ರಿಯೂ ಅಲ್ಲ. ಆದರೆ ಕಡಲು ದೂರವಿರುವುದರಿಂದ ರಾತ್ರಿ ಸೆಕೆ ಬೇಗ ಇಳಿಯುತ್ತದೆ, ಹಣ್ಣಿನ ಆಮ್ಲ ಉಳಿದುಕೊಳ್ಳುತ್ತದೆ.

ಸುಣ್ಣಕಲ್ಲಿನ ರುಚಿಯೇ ವೈನಿಗೆ ಇಳಿಯುತ್ತದೆ ಎಂಬ ಮಾರಾಟದ ಮಾತನ್ನು ನಂಬಬೇಡಿ. ಕಲ್ಲಿನ ಕೆಲಸ ನೀರಿನ ಲೆಕ್ಕದ್ದು: ಮೇಲೆ ತೆಳ್ಳನೆಯ ಕೆಮ್ಮಣ್ಣು, ಕೆಳಗೆ ಬಿರುಕುಬಿಟ್ಟ ಬಂಡೆ. ಮಳೆನೀರು ನಿಲ್ಲದೆ ಇಂಗುತ್ತದೆ, ಬೇರು ಬಿರುಕು ಹಿಡಿದು ಇಳಿಯುತ್ತದೆ, ಬಳ್ಳಿ ಅತಿಯಾಗಿ ಹಬ್ಬುವುದಿಲ್ಲ. ಸುಣ್ಣ ಜಾಸ್ತಿಯಾದಲ್ಲಿ ಬಳ್ಳಿಗೆ ಕಬ್ಬಿಣ ಸಿಗದೆ ಎಲೆ ಹಳದಿಯಾಗುತ್ತದೆ. ಅದಕ್ಕೇ ಇಂಥ ನೆಲದಲ್ಲಿ 140 ರುಜ್ಜೇರಿ ತಳಿಯಂಥ, ಸುಣ್ಣ ತಾಳುವ ಬೇರುಗಿಡದ ಮೇಲೆ ಕಸಿ ಕಟ್ಟುತ್ತಾರೆ.

ಇನ್ನು ಮಂದೂರಿಯಾದ ಸಿಹಿ. ಪ್ರಿಮಿತೀವೊದ ಒಂದೇ ಗೊಂಚಲಲ್ಲಿ ಹಸಿರು ಕಾಯಿ, ಮಾಗಿದ ಹಣ್ಣು, ಬಾಡಿದ ಹಣ್ಣು ಮೂರೂ ಸಿಗುತ್ತವೆ. ಹಸಿರು ಮಾಗಲೆಂದು ಕಾದರೆ ಉಳಿದವುಗಳಲ್ಲಿ ಸಕ್ಕರೆ ಏರುತ್ತದೆ. ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಶೇ 1ರಷ್ಟು ಆಲ್ಕೋಹಾಲ್ ಆಗುತ್ತದೆ. ರಸದಲ್ಲಿ ಸಕ್ಕರೆ 270 ಗ್ರಾಂ ದಾಟಿತೆಂದರೆ ಲೆಕ್ಕ ಶೇ 16ರ ಹತ್ತಿರ ಹೋಗುತ್ತದೆ. ಆ ಮಟ್ಟದಲ್ಲಿ ಯೀಸ್ಟ್ ಸೋತು ಹುದುಗುವಿಕೆ ನಡುವೆಯೇ ನಿಂತುಬಿಡುವುದುಂಟು. ಉಳಿದ ಸಕ್ಕರೆ ಸಿಹಿ ಕೊಡುತ್ತದೆ. ಅದಕ್ಕೆ ಬ್ಯಾಕ್ಟೀರಿಯಾ ತಗುಲಿದರೆ ವಿನೆಗರ್ ವಾಸನೆ ಶುರು. ಮಂದೂರಿಯಾದಂಥ ಬಿಸಿಲ ಬಯಲಿನಲ್ಲಿ ಈ ಅಪಾಯ ಹೆಚ್ಚು. ಕೆಲವರು ಸ್ವಲ್ಪ ಸಿಹಿಯನ್ನು ಬೇಕೆಂದೇ ಉಳಿಸುತ್ತಾರೆ, ಅದು ತಪ್ಪಲ್ಲ.

ನಿಮ್ಮ ಬಾಟಲಿಯನ್ನು ಫ್ರಿಜ್‌ನಲ್ಲಿ ಒಂದರಿಂದ ಒಂದೂವರೆ ಗಂಟೆ ಇಟ್ಟು 16–18 ಡಿಗ್ರಿಗೆ ತನ್ನಿ. ನಮ್ಮ ಮನೆಗಳ 28 ಡಿಗ್ರಿಯಲ್ಲಿ ಆಲ್ಕೋಹಾಲ್ ಮೂಗಿಗೆ ಅಡರಿ ಹಣ್ಣಿನ ಪರಿಮಳ ಮುಚ್ಚಿಹೋಗುತ್ತದೆ. ತೀರಾ ತಣ್ಣಗಾದರೆ ಹುಳಿ, ಒಗರು ಎರಡೂ ಎದ್ದು ಕಾಣುತ್ತವೆ. ಕೊಬ್ಬಿರುವ ಮಟನ್ ಜೊತೆ ಈ ಹುಳಿ ಚೆನ್ನಾಗಿ ಹೊಂದುತ್ತದೆ. ಮಸಾಲೆ ಇರಲಿ, ಮೆಣಸಿನಕಾಯಿ ಕಡಿಮೆ ಮಾಡಿ: ಇಷ್ಟು ಆಲ್ಕೋಹಾಲ್ ಖಾರದ ಉರಿಯನ್ನು ಹೆಚ್ಚಿಸುತ್ತದೆ.