ಮೈದುನನ ವಿಸಾ ಮುಗಿದಿದೆ, ದೂರು ಕೊಡಲಾ?

ಶಾರ್ಜಾದಿಂದ ಒಬ್ಬ ಓದುಗರು ಬರೆದಿದ್ದಾರೆ. ಊರು ಕುಂದಾಪುರದ ಕಡೆ. ಗಂಡನ ತಮ್ಮ 60 ದಿನದ ವಿಸಿಟ್ ವಿಸಾದಲ್ಲಿ ಬಂದ. ಊರಿನ ಏಜೆಂಟ್ ಒಬ್ಬ ಕೆಲಸ ಗ್ಯಾರಂಟಿ ಅಂತ ದುಡ್ಡು ತೆಗೆದುಕೊಂಡಿದ್ದ. ಕೆಲಸ ಸಿಗಲಿಲ್ಲ, ಹುಡುಗ ವಾಪಸ್ ಹೋಗಲೂ ಇಲ್ಲ. ವಿಸಾ ಮುಗಿದು ವರ್ಷ ಆಯಿತು. ಹಗಲು ಕಾರು ತೊಳೆಯುತ್ತಾನೆ, ರಾತ್ರಿ ಇವರ ಮನೆಯ ಹಾಲ್‌ನಲ್ಲಿ ಮಲಗುತ್ತಾನೆ. ಕೈಸಾಲ ತೀರಿಸಿಲ್ಲ. ಊರ ಮನೆಯ ಪಾಲಿನ ವಿಷಯದಲ್ಲಿ ಜಗಳವೂ ಆಗಿದೆ. 'ಇಮಿಗ್ರೇಷನ್‌ನವರಿಗೆ ಹೇಳಿಬಿಡಲಾ? ಹೇಳಿದರೆ ಅತ್ತೆಯ ಮುಖ ಹೇಗೆ ನೋಡಲಿ?' ಇದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಬೇಡ, ಹೇಳಬೇಡಿ. ಆದರೆ ಈಗ ಇರುವ ಹಾಗೆ ಸುಮ್ನೆ ಇರುವುದೂ ಸರಿಯಲ್ಲ.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ವಿಸಾ ಬಗ್ಗೆ ಎರಡೇ ಸಾಲು ಇದೆ. ಸಾಲ ಮತ್ತು ಪಾಲಿನ ಬಗ್ಗೆ ಒಂದು ಪುಟ ಇದೆ. ಬೇಜಾರು ಮಾಡಿಕೊಳ್ಳಬೇಡಿ, ಆದರೆ ಕೇಳಲೇಬೇಕು: ಆತ ಸಾಲ ತೀರಿಸಿ, ಪಾಲಿನ ಮಾತು ಎತ್ತದೆ ಇದ್ದಿದ್ದರೆ ಈ ಪತ್ರ ಬರೆಯುತ್ತಿದ್ದಿರಾ? ಇಲ್ಲ ಅನ್ನಿಸಿದರೆ ನಿಮ್ಮ ಜಗಳಕ್ಕೂ ವಿಸಾಕ್ಕೂ ಸಂಬಂಧವಿಲ್ಲ. ಊರ ಮನೆಯ ಪಾಲು ಊರಿನಲ್ಲೇ ತೀರಬೇಕು. ಅದಕ್ಕೆ ಬೇರೆ ದೇಶದ ಪೊಲೀಸರನ್ನು ಕರೆಯುವುದು ನ್ಯಾಯ ಅಲ್ಲ. ನಿಮ್ಮ ಗಂಡನಿಗೆ ಇದು ಗೊತ್ತಾಗದೆ ಇರುವುದೂ ಇಲ್ಲ.

ನಿಮ್ಮ ಭಯ ಮಾತ್ರ ನಿಜ, ಅದನ್ನು ಹಗುರ ಮಾಡುವುದಿಲ್ಲ. ವಿಸಾ ಇಲ್ಲದವರಿಗೆ ಆಶ್ರಯ ಕೊಡುವುದು ಯುಎಇಯಲ್ಲಿ ಅಪರಾಧ. ತಮ್ಮ ಅಂತ ಹೇಳಿದರೆ ಕಾನೂನು ಕೇಳುವುದಿಲ್ಲ. ನಿಮ್ಮ ಮಕ್ಕಳ ಶಾಲೆ, ಗಂಡನ ಕೆಲಸ ಎಲ್ಲ ಇದಕ್ಕೆ ಸಿಕ್ಕಿಹಾಕಿಕೊಂಡಿದೆ. ಹಾಗಾಗಿ ನಿಮ್ಮ ಹೆಸರಿನ ಸಿಮ್ ಅವನ ಕೈಯಲ್ಲಿದ್ದರೆ ಇವತ್ತೇ ವಾಪಸ್ ತೆಗೆದುಕೊಳ್ಳಿ. ಎಮಿರೇಟ್ಸ್ ಐಡಿಯ (ಅಲ್ಲಿನ ಗುರುತಿನ ಚೀಟಿ) ಕಾಪಿಯನ್ನೂ ಯಾವ ಕಾರಣಕ್ಕೂ ಕೊಡಬೇಡಿ.

ಆಮೇಲೆ ಗಂಡನ ಜೊತೆ ಕೂತು ಹುಡುಗನಿಗೆ ಲೆಕ್ಕ ತೋರಿಸಿ. ಓವರ್‌ಸ್ಟೇಗೆ, ಅಂದರೆ ವಿಸಾ ಮುಗಿದ ಮೇಲೂ ಉಳಿದಿದ್ದಕ್ಕೆ, ದಿನಕ್ಕೆ 50 ದಿರ್ಹಮ್ ದಂಡ. ಒಂದು ವರ್ಷಕ್ಕೆ 18,250 ದಿರ್ಹಮ್ ಆಯಿತು, ನಮ್ಮ ರೂಪಾಯಿಯಲ್ಲಿ ನಾಲ್ಕು ಲಕ್ಷದ ಮೇಲೆ. ಕಾರು ತೊಳೆದು ಇದನ್ನು ತೀರಿಸುವುದು ಯಾವಾಗ? ಅವನು ಮಲಗಿದ್ದಾಗಲೂ ಮೀಟರ್ ಓಡುತ್ತಿದೆ. ಹೀಗೆ ಸಿಕ್ಕಿಬಿದ್ದವರು ಬಹಳ ಜನ 'ಅಮ್ನೆಸ್ಟಿ (ಸರ್ಕಾರದ ಕ್ಷಮೆ) ಬರಲಿ' ಅಂತ ಕಾಯುತ್ತಾರೆ. 2018ರಲ್ಲಿ ಬಂತು. ಆಮೇಲೆ 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ದಂಡವಿಲ್ಲದೆ, ಬ್ಯಾನ್ ಇಲ್ಲದೆ ಹೊರಡಲು ಬಿಟ್ಟರು. ನಡುವೆ ಆರು ವರ್ಷ. ಕೊರೋನಾ ಕಾಲದ ದಂಡ ಮನ್ನಾ ಬಿಟ್ಟರೆ ಇಂಥ ಬಾಗಿಲು ತೆರೆದಿರಲಿಲ್ಲ. ಮುಂದಿನದು ಯಾವಾಗ ಅಂತ ನಂಬಿ ಕೂರುವುದಕ್ಕೆ ಆಗುವುದಿಲ್ಲ.

ತಾನಾಗಿ ಹೋಗಿ ನಿಲ್ಲುವುದಕ್ಕೂ ಸಿಕ್ಕಿಬೀಳುವುದಕ್ಕೂ ತುಂಬ ವ್ಯತ್ಯಾಸ ಇದೆ. ನಾನು ದೂರು ಬೇಡ ಅನ್ನುವುದಕ್ಕೆ ದೊಡ್ಡ ಕಾರಣವೇ ಇದು. ದಂಡ ತೀರಿಸಿ ಹೊರಟವನು ಮುಂದೆ ಸರಿಯಾದ ಕೆಲಸದ ವಿಸಾ ಸಿಕ್ಕರೆ ಮತ್ತೆ ಬರಬಹುದು. ಹಿಡಿದು ಗಡೀಪಾರು ಮಾಡಿದರೆ ಮೊದಲು ಲಾಕಪ್, ಆಮೇಲೆ ಕಣ್ಣಿನ ಸ್ಕ್ಯಾನ್ ದಾಖಲೆ. ವಿಶೇಷ ಅನುಮತಿ ಇಲ್ಲದೆ ಅವನು ಆ ದೇಶಕ್ಕೆ ಮತ್ತೆ ಕಾಲಿಡುವ ಹಾಗಿಲ್ಲ. ನಿಮ್ಮ ಒಂದು ಫೋನ್ ಕಾಲ್‌ನಿಂದ ಮೊದಲನೆಯ ದಾರಿ ಮುಚ್ಚಿಹೋಗುತ್ತದೆ. ಇಪ್ಪತ್ತರ ಹರೆಯದ ಹುಡುಗನಿಗೆ ಇದು ಸಣ್ಣ ಶಿಕ್ಷೆ ಅಲ್ಲ.

ಅವನಿಗೆ ಒಂದು ತಾರೀಕು ಹೇಳಿ. ಅದರೊಳಗೆ ಗಂಡನೇ ಅವನನ್ನು ಸರ್ಕಾರದ ವಿಸಾ ಸೇವಾ ಕೇಂದ್ರಕ್ಕೆ (ದುಬೈನಿಂದ ಕೊಟ್ಟ ವಿಸಾ ಆದರೆ ಅಮೇರ್ ಸೆಂಟರ್) ಕರೆದುಕೊಂಡು ಹೋಗಲಿ. ದಂಡ ಎಷ್ಟಾಗಿದೆ, ವಿಸಾ ಮಾಡಿಸಿದ ಟ್ರಾವೆಲ್ಸ್‌ನವರು ಅಬ್‌ಸ್ಕಾಂಡಿಂಗ್ (ತಲೆಮರೆಸಿಕೊಂಡಿದ್ದಾನೆ ಅನ್ನುವ) ಕೇಸ್ ಹಾಕಿದ್ದಾರಾ ಅಂತ ಅಲ್ಲಿ ಕೇಳಿ. ದುಬೈನ ನಮ್ಮ ಕಾನ್ಸುಲೇಟ್‌ಗೂ ಹೋಗಿ. ಪಾಸ್‌ಪೋರ್ಟ್ ಕಳೆದಿದ್ದರೆ ಊರಿಗೆ ಹೊರಡುವುದಕ್ಕೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ, ನಮ್ಮವರು ಔಟ್‌ಪಾಸ್ ಅನ್ನುವುದು ಇದಕ್ಕೇ. ಕಷ್ಟದಲ್ಲಿರುವ ಭಾರತೀಯರಿಗಾಗಿ 2009ರಲ್ಲಿ ಶುರುವಾದ ಕಲ್ಯಾಣ ನಿಧಿಯೂ ಅವರ ಕೈಯಲ್ಲಿದೆ. ತೀರಾ ಗತಿ ಇಲ್ಲದವರಿಗೆ ಟಿಕೆಟ್ ಕೊಡಿಸುತ್ತಾರೆ. ತಪ್ಪು ಕಾರ್ಮಿಕನದ್ದಲ್ಲ ಅನ್ನಿಸಿದರೆ ಸಣ್ಣ ದಂಡಕ್ಕೂ ನೆರವು ಸಿಗಬಹುದು. ಏಜೆಂಟ್ ಮೋಸ ಮಾಡಿದ್ದನ್ನು ಅಲ್ಲಿ ಬರೆದು ಕೊಡಿ.

ಅವನು ತಾರೀಕು ಮೀರಿಸಿದರೆ ಹಾಲ್‌ನಲ್ಲಿ ಮಲಗಿಸಬೇಡಿ. ಇದು ಕಠಿಣ ಮಾತು, ಗೊತ್ತು. ಆದರೂ ಬೆನ್ನ ಹಿಂದೆ ದೂರು ಕೊಡುವುದಕ್ಕಿಂತ ಎದುರಿಗೇ ಬಾಗಿಲು ಹಾಕುವುದು ಮೇಲು. ಅತ್ತೆಗೂ ಮೊದಲೇ ಫೋನ್ ಮಾಡಿ ದಂಡದ ಲೆಕ್ಕ ಹೇಳಿ. 'ಮಗ ದುಬೈಯಲ್ಲಿ ದುಡೀತಿದ್ದಾನೆ' ಅಂದುಕೊಂಡಿರುವ ಆ ತಾಯಿಗೆ ಅವನ ತಲೆ ಮೇಲೆ ದಿನಾ 50 ದಿರ್ಹಮ್ ಏರುತ್ತಿದೆ ಅಂತ ಗೊತ್ತಿರಲಿಕ್ಕಿಲ್ಲ.

ಹಾಗಾದರೆ ದೂರು ಯಾವಾಗಲೂ ತಪ್ಪಾ? ಅಲ್ಲ. ಅವನೇ ಬೇರೆ ಹುಡುಗರಿಂದ ದುಡ್ಡು ತೆಗೆದುಕೊಂಡು ಹೀಗೆ ಕರೆಸುತ್ತಿದ್ದರೆ, ಯಾರ ಪಾಸ್‌ಪೋರ್ಟಾದರೂ ಹಿಡಿದಿಟ್ಟಿದ್ದರೆ ತಮ್ಮ ಅಂತ ನೋಡಬೇಡಿ, ಹೇಳಿ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ. ಅಂಥ ಕೆಲಸ ಮಾಡಿದವನು ಆ ಏಜೆಂಟ್. ನೋಂದಣಿ ಇಲ್ಲದೆ ವಿದೇಶಿ ಕೆಲಸಕ್ಕೆ ಜನ ಕಳಿಸುವುದು 1983ರ ವಲಸೆ ಕಾಯ್ದೆಯಲ್ಲಿ ಅಪರಾಧ. ನೋಂದಣಿ ಇರುವ ಏಜೆಂಟರ ಪಟ್ಟಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿದೆ. ಅವನ ಹೆಸರು ಅದರಲ್ಲಿ ಇಲ್ಲದಿದ್ದರೆ ದುಡ್ಡು ಕೊಟ್ಟ ರಸೀದಿ, ವಾಟ್ಸಾಪ್ ಮೆಸೇಜು ಜೋಡಿಸಿಕೊಂಡು ಅದೇ ತಾಣದಲ್ಲೂ, ಊರಿನ ಠಾಣೆಯಲ್ಲೂ ದೂರು ಕೊಡಿ. ಹುಡುಗನ ಕೈಯಿಂದಲೇ ಬರೆಸಿ.